ಪುಟ್ಟಕ್ಕನ ಮುಂದಿನ ರಾಶಿ

ತುಮಕೂರಿನಿಂದ ಊರಿಗೆ ಬರುವಾಗಲೆಲ್ಲ ಅನುಪಮಾಳನ್ನು ಹೆದರಿಸಲು ಕೊರಟಗೆರೆಯಲ್ಲಿ ಬಸ್ಸು ಹತ್ತುವ ಹೆಂಗಸರೇ ಸಾಕಾಗಿದ್ದರು. "ಏನ್ ಓದ್ತಿದ್ದೀಯವ್ವಾ?" ಎಂದರೆ ಮುಗಿಯಿತು. ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ಇಂಜಿನಿಯರಿಂಗ್ ಎಂದು ಇವಳು ಹೇಳುವುದು, "ಅದ್ರಲ್ಲಿ ಏನ್ ಮಾಡ್ತಾರೆ?" ಎಂದು ಅವರು ಕೇಳುವುದು. ಸಿವಿಲ್‌ನವರು ಮನೆ ಕಟ್ಟುತ್ತಾರೆ, ಎಲೆಕ್ಟ್ರಿಕಲ್‌ನವರಿಗೆ ಪಾವಗಡದ ಸೋಲಾರ್ ಇದೆ. ಇವಳು? ಮೊದಲ ವರ್ಷ ಅರ್ಧ ಕಳೆದಿದ್ದರೂ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. "ಕೆಲಸ ಬೇಗ ಮಾಡೋದು ಹೆಂಗೆ ಅಂತ ಹೇಳ್ಕೊಡ್ತಾರೆ" ಎಂದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅದಕ್ಕೂ ಕಾಲೇಜು ಬೇಕಾ!

ಈ ಶನಿವಾರ ಮಾತ್ರ ಯಾರು ನಕ್ಕರೂ ಅವಳ ಕಿವಿಗೆ ಬೀಳಲಿಲ್ಲ. ಇಂಟರ್ನಲ್ಸ್‌ನಲ್ಲಿ ಮುಗ್ಗರಿಸಿದ್ದಳು. ಉಳಿದದ್ದು ಒಂದು ಪ್ರಾಜೆಕ್ಟ್. "ಯಾವುದಾದರೂ ಕೆಲಸದ ಜಾಗಕ್ಕೆ ಹೋಗಿ. ಕೆಲಸ ಎಲ್ಲಿ ಕಟ್ಟಿಕೊಂಡು ನಿಧಾನ ಆಗುತ್ತೆ ಅಂತ ಕಂಡುಹಿಡಿದು, ಸರಿಮಾಡಿ, ಸೋಮವಾರ ತೋರಿಸಿ" ಎಂದಿದ್ದರು ಪ್ರಸನ್ನ ಕುಮಾರ್ ಸರ್. ಅದೂ ಕೈಕೊಟ್ಟರೆ ಫೇಲು. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಅದೇ ಪಾಠಕ್ಕೆ ಕೂರಬೇಕು.

ಬಡವನಹಳ್ಳಿಯಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ಕೆಲಸದ ಜಾಗ ಒಂದೇ, ಭೀಮರಾಜುವಿನ ಹುಣಸೆಹಣ್ಣಿನ ಅಂಗಳ. ಹಣ್ಣಿನ ಕಾಲ ಬಂತೆಂದರೆ ಅವಳ ಅಜ್ಜಿ ಪುಟ್ಟಕ್ಕ ಅಲ್ಲೇ. ಹೆಂಗಸರು ದುಂಡಗೆ ಕೂತು ಓಡು ಬಿಡಿಸಿ, ನಾರು ಕಿತ್ತು, ಕುಟ್ಟಿ ಬೀಜ ತೆಗೆದು, ಎಲ್ಲರೂ ನಡುವಿನ ಒಂದೇ ಚಾಪೆಗೆ ಎಸೆಯುತ್ತಾರೆ. ಯಾರದೆಷ್ಟು ಎಂದು ನೋಡುವ ಪದ್ಧತಿಯಿಲ್ಲ. ಸಂಜೆ ರಾಶಿಯನ್ನು ಒಟ್ಟಿಗೆ ತೂಗುತ್ತಾರೆ, ಕೂಲಿ ಎಲ್ಲರಿಗೂ ಸಮ. ಆ ರಾಶಿಯ ಪಕ್ಕದಲ್ಲೇ ಆಡಿ ಬೆಳೆದ ಅನುಪಮಾಳಿಗೆ, ಅಜ್ಜಿಯಷ್ಟು ಚುರುಕು ಕೈ ಊರಲ್ಲಿ ಇನ್ನೊಂದಿಲ್ಲ ಎಂಬ ನಂಬಿಕೆ.

ಎಡವಟ್ಟಾದದ್ದೇ ಅಲ್ಲಿ. ಪುಸ್ತಕದಲ್ಲಿದ್ದ ಹಾಗೆ ಅವಳು ಹೆಂಗಸರನ್ನು ಎರಡು ಸಾಲಾಗಿ ಕೂರಿಸಿದಳು. ಒಬ್ಬರು ಓಡು ಬಿಡಿಸಿ ಪಕ್ಕಕ್ಕೆ ದಾಟಿಸಬೇಕು, ಅವರು ನಾರು ಕಿತ್ತು ಮುಂದಕ್ಕೆ, ಕೊನೆಯವರು ಬೀಜ ತೆಗೆಯಬೇಕು. ಒಂದು ಸಾಲಿನ ಕೊನೆಗೆ ಜ್ಯೋತಿಲಕ್ಷ್ಮಿ ಎಂಬ ಹೊಸ ಸೊಸೆ, ಇನ್ನೊಂದರ ಕೊನೆಗೆ ಅಜ್ಜಿ. "ಇಸ್ಕೂಲ್ ಪ್ರಾರ್ಥನೆ ಇದ್ದಂಗೈತೆ ಕಣ್ರೇ!" ಎಂದು ಅಜ್ಜಿಯ ಸಾಲಿನಲ್ಲಿದ್ದ ಲಕ್ಕಮ್ಮ ನಗಾಡಿದಳು.

ಸ್ವಲ್ಪ ಹೊತ್ತಿಗೆ ನಗು ನಿಂತಿತು. ಜ್ಯೋತಿಲಕ್ಷ್ಮಿಯ ಮುಂದೆ ಖಾಲಿ. ಪುಟ್ಟಕ್ಕನ ಮುಂದೆ ಹಣ್ಣು ಬಂದು ಬಂದು ಬಿದ್ದು ರಾಶಿಯಾಗಿತ್ತು. ಅಜ್ಜಿಯ ಬೆರಳುಗಳು ಮಡಚಿಕೊಳ್ಳುತ್ತಲೇ ಇರಲಿಲ್ಲ. ಯಾವಾಗಿನಿಂದ ಹೀಗೆ? ದುಂಡಗೆ ಕೂತಾಗ ಇದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಕಂಡ ಹೆಂಗಸರು ಕಾಣದವರಂತೆ ಇದ್ದುಬಿಟ್ಟಿದ್ದರು. ಲಕ್ಕಮ್ಮ ಮೆಲ್ಲಗೆ ಕೈ ಚಾಚಿ ಅಜ್ಜಿಯ ಮುಂದಿನ ಹಣ್ಣು ಎಳೆದುಕೊಳ್ಳಲು ನೋಡಿದಳು.

"ಲಕ್ಕಮ್ಮತ್ತೆ, ನಿಮ್ಮ ಕೆಲಸ ಬಿಟ್ಟು ಬರಬೇಡಿ, ಲೆಕ್ಕ ತಪ್ಪೋಗುತ್ತೆ" ಎಂದಳು ಅನುಪಮಾ. ಎಂದವಳು ನಾಲಿಗೆ ಕಚ್ಚಿಕೊಂಡಳು.

ತಡವಾಗಿತ್ತು. ಭೀಮರಾಜು ಬಂದು ನಿಂತಿದ್ದ. "ಅಲೆಲೆಲೆ, ಇಂಜಿನಿಯರಮ್ಮ! ಇಷ್ಟು ವರ್ಷ ಇದು ನನ್ ಕಣ್ಣಿಗೇ ಬೀಳ್ನಿಲ್ವಲ್ಲ. ನಾಳೆಯಿಂದ ಇಂಗೇ ಕೂತ್ಕಳ್ರಮ್ಮಾ. ಪುಟ್ಟಕ್ಕಾ, ನೀನು ಮನೇಲಿ ಸುಧಾರಿಸ್ಕೋ. ನಿನ್ ಜಾಗಕ್ಕೆ ಬೈಲಪ್ಪನ ಸೊಸೇನ ಕರೀತೀನಿ" ಎಂದ.

ಕೆಲಸ ಕಟ್ಟಿಕೊಂಡ ಜಾಗ ಸಿಕ್ಕಿತ್ತು, ಸರಿಯೂ ಆಗಿತ್ತು. ಸರ್ ಕೇಳಿದ್ದು ಇದನ್ನೇ. ತೋರಿಸಿದರೆ ಪಾಸು ಖಂಡಿತ.

ಸಂಜೆ ಅಜ್ಜಿ ಹಿತ್ತಲಲ್ಲಿ ಕೈಯ ಹುಳಿ ತೊಳೆದುಕೊಳ್ಳುತ್ತಾ ಕೇಳಿದಳು, "ಮಾರ್ಕ್ಸ್ ಕೊಡ್ತಾರೇನವ್ವಾ ಇದಕ್ಕೆ?"

"ಕೊಡ್ತಾರೆ ಅಜ್ಜಿ."

"ಅಂಗಾದ್ರೆ ಸೈ ಬುಡು."

ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಅನುಪಮಾ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮಾರನೆಯ ಬೆಳಿಗ್ಗೆ ಅಜ್ಜಿ ಎಂದಿನಂತೆ ತುರುಬು ಕಟ್ಟಿ, ನೀರಿನ ಬಾಟಲಿ ತುಂಬಿ, ಹೊಸಿಲವರೆಗೆ ಹೋದಳು. ಅಲ್ಲಿ ನೆನಪಾಯಿತು. ಬಾಟಲಿಯನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟಳು. ಅನುಪಮಾ ಅದನ್ನು ನೋಡಿದವಳೇ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಓಡಿದಳು.

"ಅಣ್ಣಾ, ನಾನು ಮಾಡಿದ್ದು ತಪ್ಪು. ಎಲ್ಲಾರೂ ಹಳೇ ಥರಾನೇ ಕೂರ್ಲಿ."

"ನಾನೇ ಕಣ್ಣಾರೆ ನೋಡಿವ್ನಿ, ತಪ್ಪೆಂಗಾಯ್ತದೆ? ಎಲ್ಲಿ, ನಿಮ್ ಮೇಷ್ಟ್ರ ಬಾಯಲ್ಲೇ ಹೇಳ್ಸು ನೋಡಾನ" ಎಂದ ಭೀಮರಾಜು.

ಅವಳು ಪ್ರಸನ್ನ ಕುಮಾರ್ ಸರ್‌ಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಕೆಲಸಕ್ಕೆ ಬಂದ ಹೆಂಗಸರು ಒಬ್ಬೊಬ್ಬರೇ ಸುತ್ತ ನಿಂತರು.

"ಸರ್, ನನ್ನ ಪ್ರಾಜೆಕ್ಟ್ ತಪ್ಪಾಗಿದೆ ಸರ್. ನಾಳೆ ತೋರಿಸೋಕೆ ಏನೂ ಇಲ್ಲ."

"ಏನಮ್ಮಾ ಇದು ಕಡೇ ಗಳಿಗೇಲಿ? ಎಲ್ಲಿ ತಪ್ಪಾಯ್ತು ಹೇಳು, ನೋಡೋಣ."

ಸರ್ ಒಳ್ಳೆಯವರು, ಅದೇ ಕಷ್ಟ. ಅಜ್ಜಿಯ ವಿಷಯ ಬಾಯಿಬಿಟ್ಟರೆ "ಸರಿಯಾಗೇ ಮಾಡಿದ್ದೀಯಲ್ಲ!" ಎಂದುಬಿಡುತ್ತಾರೆ, ಪಾಸೂ ಮಾಡುತ್ತಾರೆ. ಭೀಮರಾಜು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಾನೆ.

"ಎಲ್ಲಾ ತಪ್ಪು ಸರ್."

ಆ ಕಡೆ ನಿಟ್ಟುಸಿರು ಕೇಳಿತು. "ಹಾಗಾದ್ರೆ ಸೊನ್ನೆ ಹಾಕ್ಬೇಕಾಗುತ್ತೆ. ಫೇಲಾಗ್ತೀಯಮ್ಮಾ, ಗೊತ್ತಲ್ಲ?"

"ಗೊತ್ತು ಸರ್."

"ಥೂ!" ಎಂದ ಭೀಮರಾಜು. "ಸೊನ್ನೆ ಬರೋ ಲೆಕ್ಕಾನ ನನ್ ಅಂಗಳದಲ್ಲಿ ಮಾಡ್ಸುದ್ಯಲ್ಲಮ್ಮಾ! ಹೋಗಿ ಮದ್ಲಿನಂಗೇ ಕೂತ್ಕಳ್ರಮ್ಮಾ ಎಲ್ಲಾ. ಪುಟ್ಟಕ್ಕನ್ನೂ ಕರೀರಿ."

ಅನುಪಮಾ ಮನೆಗೆ ಓಡಿ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. "ನಡಿ ಅಜ್ಜಿ, ನನ್ನ ಪಾಠ ಮುಗೀತು. ಭೀಮರಾಜಣ್ಣ ಕರೀತಾವ್ರೆ."

ಅಂಗಳದಲ್ಲಿ ಲಕ್ಕಮ್ಮನಿಗೂ ಜ್ಯೋತಿಲಕ್ಷ್ಮಿಗೂ ನಡುವೆ ಒಂದು ಜಾಗ ಬಿಟ್ಟುಕೊಂಡೇ ಎಲ್ಲರೂ ದುಂಡಗೆ ಕೂತಿದ್ದರು. ಪುಟ್ಟಕ್ಕ ಅಲ್ಲಿ ಕೂತು ಸೆರಗು ಸಿಕ್ಕಿಸಿಕೊಂಡಳು. ಮುಖದಲ್ಲಿ ಹೆಮ್ಮೆ ತಡೆಯಲಾರದಷ್ಟಿತ್ತು.

"ನಮ್ ಅನು ಪಾಸಂತೆ ಕಣ್ರೇ. ನನ್ ಕೈ ಕೆಲ್ಸ ನೋಡಿ ಅವ್ರ ಮೇಷ್ಟ್ರು ಮಾರ್ಕ್ಸ್ ಕೊಡ್ತಾರಂತೆ!"

ಸೊನ್ನೆಯ ಮಾತನ್ನು ಅಲ್ಲಿದ್ದವರೆಲ್ಲ ಈಗಷ್ಟೇ ಕಿವಿಯಾರೆ ಕೇಳಿದ್ದರು. ಭೀಮರಾಜು ಒಮ್ಮೆ ಕೆಮ್ಮಿ ತಕ್ಕಡಿ ಒರೆಸಲು ಹೋದ. "ಕೊಡ್ದೆ ಇರ್ತಾರಾ ಪುಟ್ಟಕ್ಕಾ?" ಎಂದಳು ಲಕ್ಕಮ್ಮ, ತಲೆ ಎತ್ತದೆ. ಉಳಿದವರು ಹೌದೌದು ಎಂದರು.

ಅನುಪಮಾ ಅಜ್ಜಿಯ ಪಕ್ಕ ಒತ್ತರಿಸಿಕೊಂಡು ಕೂತಳು. ಒಂದು ಹಣ್ಣಿನ ಬೀಜ ತೆಗೆದು ನಡುವಿನ ಚಾಪೆಗೆ ಎಸೆದಳು.