ತಗಡಿನ ಕೆಳಗಿನ ಬೇಸಿಗೆ

ಹಿರಿಯವಳು ಬಟ್ಟೆ ಹೊಲಿಯುತ್ತಿದ್ದಳು, ಕಿರಿಯವಳು ಇಸ್ತ್ರಿ ಮಾಡುತ್ತಿದ್ದಳು. ಇಬ್ಬರೂ ಓರಗಿತ್ತಿಯರು, ಒಂದೇ ವಠಾರದಲ್ಲಿ ಗೋಡೆಗಂಟಿದ ತಗಡಿನ ಮನೆಗಳವರು. ಪಾಲಾದಾಗ ಮರದ ನೆರಳು ಬೀಳುವ ಮನೆ ಹಿರಿಯವಳಿಗೆ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮೊದಮೊದಲು ಅದು ಬರೀ ಹಟದ ಜಗಳ. ಬೇಸಿಗೆ ವರ್ಷದಿಂದ ವರ್ಷಕ್ಕೆ ಏರಿದಂತೆ ಆ ನೆರಳಿಗೆ ಬೇರೆಯೇ ಬೆಲೆ ಬಂತು.

ಆ ವಾರವಂತೂ ಬಿಸಿಲು ವಠಾರವನ್ನೇ ಹುರಿಯುತ್ತಿತ್ತು. ಮಕ್ಕಳ ಮೈತುಂಬ ಬೆವರುಸಾಲೆ. ಮೂಲೆಮನೆಯ ಗಾರೆಯವನು ತಲೆಸುತ್ತಿ ಕೆಲಸ ಬಿಟ್ಟು ಮಲಗಿದ್ದ. ಕಿರಿಯವಳು ಮಾತ್ರ, ಧೂಳು ಬಟ್ಟೆಗೆ ಕೂರುತ್ತದೆಂದು ಬಾಗಿಲು ಮುಂದೆ ಮಾಡಿಕೊಂಡು, ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತೇ ಇರುತ್ತಿದ್ದಳು.

ಒಂದು ಮಧ್ಯಾಹ್ನ, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾಗ, ಬಟ್ಟೆ ಸುಟ್ಟ ವಾಸನೆ ಬಂತು. ನನಗ್ಯಾಕೆ ಎಂದುಕೊಂಡು ಹಿರಿಯವಳು ಇನ್ನೊಂದು ಹೊಲಿಗೆ ಹಾಕಿದಳು. ಮನಸ್ಸು ತಡೆಯಲಿಲ್ಲ. ಹೋಗಿ ಬಾಗಿಲು ತಳ್ಳಿದರೆ ಓರಗಿತ್ತಿ ನೆಲದ ಮೇಲೆ ಬಿದ್ದಿದ್ದಾಳೆ. ಮೈ ಕಾದ ಬಾಣಲೆಯಂತೆ ಸುಡುತ್ತಿದೆ, ಬೆವರಿನ ಪಸೆಯೇ ಇಲ್ಲ.

"ಅತ್ತೆ, ಬೈಬೇಡಿ, ಇನ್ನೆರಡೇ ಸೀರೆ" ಎಂದು ತೊದಲಿದಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಹಿರಿಯವಳು ಅವಳ ಕಂಕುಳಿಗೆ ಕೈಕೊಟ್ಟು ಮರದಡಿಗೆ ಎಳೆದು ತಂದಳು. ನಲ್ಲಿ ಬತ್ತಿ ಹೋಗಿತ್ತು. ಕುಡಿಯಲು ಹಿಡಿದಿಟ್ಟ ಕೊಡವನ್ನೇ ತಂದು ಮೈಮೇಲೆ ಸುರಿದಳು. ಅದನ್ನು ಕಂಡು, ನೀರಿಗಾಗಿ ದಿನಾ ಕಿತ್ತಾಡುತ್ತಿದ್ದ ಹೆಂಗಸರೇ ತಮ್ಮ ತಮ್ಮ ಬಿಂದಿಗೆ ಹೊತ್ತು ಬಂದರು. ಹಾಲಿನಂಗಡಿಯವನು ಐಸ್ ಕೊಟ್ಟು, ತನ್ನ ವ್ಯಾನಿನಲ್ಲೇ ಆಸ್ಪತ್ರೆಗೆ ಕರೆದೊಯ್ದ. ಆರೈಕೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಚೇತರಿಸಿಕೊಂಡು ಬಂದವಳಿಗೆ ತನ್ನ ಇಸ್ತ್ರಿಮೇಜು ಮರದ ಕೆಳಗೆ ಕಂಡಿತು. ಯಾರು ಸಾಗಿಸಿದರೆಂದು ಅವಳು ಕೇಳಲಿಲ್ಲ, ಹಿರಿಯವಳೂ ಹೇಳಲಿಲ್ಲ. ಆಮೇಲೆ ವಠಾರದವರು ಸೇರಿ, ಬಿಸಿಲು ನೆತ್ತಿಗೇರಿದಾಗ ಸರದಿಯ ಮೇಲೆ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ವಿಚಾರಿಸಬೇಕೆಂದು ಮಾತಾಡಿಕೊಂಡರು. ಗಾರೆಯವನು ಎದ್ದು ಓಡಾಡುವಂತಾದ ಮೇಲೆ ಎಲ್ಲರ ತಗಡಿಗೂ ಸುಣ್ಣ ಬಳಿದುಕೊಟ್ಟ. ಒಳಗಿನ ಕಾವು ಅಷ್ಟಿಷ್ಟು ತಗ್ಗಿತು.

ಸರದಿ ಇಲ್ಲದ ದಿನವೂ ಹಿರಿಯವಳು ಓರಗಿತ್ತಿಯ ಬಾಗಿಲಲ್ಲಿ ಇಣುಕುತ್ತಿದ್ದಳು. ಒಮ್ಮೆ ಕಿರಿಯವಳು ಕೇಳಿಯೇಬಿಟ್ಟಳು.

"ಏನಕ್ಕಾ, ಮಾತಾಡ್ಸೋಕೆ ಬಂದ್ಯಾ, ಬದುಕಿದೀನಾ ಅಂತ ನೋಡೋಕೆ ಬಂದ್ಯಾ?"

"ಎರಡಕ್ಕೂ" ಎಂದು ಹಿರಿಯವಳು ಒಳಗೆ ಬಂದು ಕೂತಳು.