ನೋಯದ ಹಲ್ಲು

‘ಬಹುಶಃ ಬಾಯಲ್ಲಿ ಹತ್ತಿ ಇಲ್ಲದಿದ್ದರೂ ನಾನು ಸುಮ್ಮನೇ ಇರುತ್ತಿದ್ದೆ.’ ಡೈರಿಯಲ್ಲಿ ಇಷ್ಟು ಬರೆದು ಶ್ರೀಪ್ರಿಯಾ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದು ‘ಬಹುಶಃ’ ಎಂಬುದನ್ನು ಹೊಡೆದುಹಾಕಿದಳು. ಸಂಜೆಯ ಹೊತ್ತಿಗೆ ಬಲಗೆನ್ನೆ ಗೋಳಿಬಜೆಯ ಹಾಗೆ ಊದಿತ್ತು. ಟವೆಲಿನಲ್ಲಿ ಸುತ್ತಿದ ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನು ಒಂದು ಕೈಯಲ್ಲಿ ಒತ್ತಿಕೊಂಡೇ ಅವಳು ಬರೆಯುತ್ತಿದ್ದಳು.

ಬೆಳಿಗ್ಗೆ ನೆರೂಳ ಸ್ಟೇಷನ್ನಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅನುಷ್ಕಾ ಅವಳ ಕೆಳದವಡೆಯ ಕೊನೆಯ ಹಲ್ಲನ್ನು ಎರಡು ತುಂಡು ಮಾಡಿ ತೆಗೆದಿದ್ದರು. ಅಡ್ಡ ಬೆಳೆದು ತಿಂಗಳಿಂದ ನೋಯುತ್ತಿದ್ದ ಹಲ್ಲು, ಹೋದದ್ದೇ ಒಳ್ಳೆಯದಾಯಿತು. ನಾಲಗೆ ಜೋಮು ಹಿಡಿದು, ಹತ್ತಿಯುಂಡೆ ಕಚ್ಚಿಕೊಂಡು ಅವಳು ಕುರ್ಚಿಯಲ್ಲಿದ್ದಾಗ ಅಮ್ಮ ವೇದಾವತಿ ಮುಂದೆ ಬಂದು ಮಗಳ ಮೇಲ್ದುಟಿ ಎತ್ತಿ ತೋರಿಸಿದಳು. “ಯೇ ಊಪರ್‌ವಾಲಾ ಭೀ ಬಹುತ್ ದುಖ್ತಾ ಹೈ, ಡಾಕ್ಟರ್. ನಿಕಾಲ್ ದೋ.” ಇದೂ ತುಂಬ ನೋಯುತ್ತದೆ, ತೆಗೆದುಬಿಡಿ.

ಮೇಲಿನ ಆ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿ ಕುಳಿತದ್ದು ನಿಜ. ನೋವು ಮಾತ್ರ ಅವಳ ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಡಾಕ್ಟರು ಅವಳ ಮುಖ ನೋಡಿದರು. ಅವಳು ನೆಲ ನೋಡಿದಳು. ಮುಂದಿನ ಶನಿವಾರ ಹನ್ನೊಂದು ಗಂಟೆ ಎಂದು ಚೀಟಿಯಲ್ಲಿ ಬರೆದಾಯಿತು.

ಶುರುವಾದದ್ದು ಫೋಟೊದಿಂದ. ಜಾತಕದ ಜೊತೆ ಕಳಿಸಲೆಂದು ತೆಗೆಸಿದ ಫೋಟೊವನ್ನು ಸ್ಟುಡಿಯೊದವನು ಯಾರೂ ಹೇಳದೆಯೇ ಟಚ್‌ಅಪ್ ಮಾಡಿ, ಮೊಡವೆಯ ಕಲೆಯೊಂದಿಗೆ ಆ ಹಲ್ಲನ್ನೂ ಒರೆಸಿಬಿಟ್ಟಿದ್ದ. ಹಿಂದೆ ಎರಡು ಸಲ ಹುಡುಗಿ ನೋಡಲು ಬಂದು ಉಪ್ಪಿಟ್ಟು ತಿಂದು ಹೋದವರು ಮತ್ತೆ ಫೋನು ಮಾಡಿರಲಿಲ್ಲ. ಅಮ್ಮ ಸ್ಟುಡಿಯೊದವನ ಫೋಟೊವನ್ನೇ ಡೊಂಬಿವಲಿಯ ಮನೆಯವರಿಗೆ ಕಳಿಸಿದಳು. ‘ಹುಡುಗಿಯ ನಗು ಭಾರಿ ಚಂದ ಉಂಟು’ ಎಂದು ಹುಡುಗನ ತಾಯಿಯಿಂದ ವಾಟ್ಸಾಪ್ ಬಂತು. ಇನ್ನು ಇಪ್ಪತ್ತು ದಿನದಲ್ಲಿ ಅವರು ನೋಡಲು ಬರುವವರಿದ್ದರು. ಫೋಟೊ ಮುಖದ ಹಾಗಿರಲಿಲ್ಲ. ಆದ್ದರಿಂದ ಮುಖವನ್ನು ಫೋಟೊದ ಹಾಗೆ ಮಾಡಬೇಕಿತ್ತು.

ಮೂರನೆಯ ದಿನ ಮಧ್ಯಾಹ್ನ ಅಪ್ಪ ರಮಾಕಾಂತ ಕೋಪರಖೈರಣೆಯ ತನ್ನ ಹೋಟೆಲಿನಿಂದ ಡಬ್ಬಿ ತಂದ. ಮೊಸರನ್ನವನ್ನು ಮಿಕ್ಸಿಯಲ್ಲಿ ತಿರುಗಿಸಿ ಗಂಜಿಯಂತೆ ಮಾಡಿಸಿದ್ದ.

“ಒಗ್ಗರಣೆ ಹಾಕ್ಬೇಡಿ ಅಂತ ಭಟ್ರಿಗೆ ಹೇಳಿದೆ. ಸಾಸಿವೆ ಹೋಗಿ ಆ ಗುಂಡಿಯಲ್ಲಿ ಕೂತ್ರೆ ಮೊಳಕೆ ಬಂದೀತು ಮಾರಾಯ್ತಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಚುರುಕ್ಕೆಂದು ಎಳೆಯಿತು. ಕೆನ್ನೆ ಒತ್ತಿಕೊಂಡೇ ನಕ್ಕಳು.

“ನೋಡು ಅದನ್ನು,” ಅಪ್ಪ ಹೆಂಡತಿಗೆ ಹೇಳಿದ. “ನಗಾಡಿದ್ರೆ ಮೊದ್ಲು ಆ ಹಲ್ಲೇ ಬರ್ತದೆ. ನಮ್ಮ ಅಮ್ಮನಿಗೂ ಹಾಗೇ ಇತ್ತು. ಪಾಪ, ಇರ್ಲಿ ಬಿಡು.”

“ಇತ್ತು ಇತ್ತು. ನನ್ನನ್ನು ನೋಡಿ ಅವರು ಯಾವತ್ತು ನಗಾಡಿದ್ದು, ನಂಗೆ ಗೊತ್ತಾಗ್ಲಿಕ್ಕೆ?” ವೇದಾವತಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. “ಅವಳಿಗಿಲ್ಲದ ಸಂಕಟ ನಿಮಗೆಂತಕ್ಕೆ? ಬೇಕಿದ್ರೆ ಅವಳೇ ಹೇಳ್ತಿರ್ಲಿಲ್ವಾ? ಬಾಯಿ ಉಂಟಲ್ಲ.”

ಅಪ್ಪ ಮಗಳ ಕಡೆ ತಿರುಗಿದ. ಅವಳು ಚಮಚದಿಂದ ಡಬ್ಬಿಯ ತಳ ಕೆರೆಯುತ್ತಿದ್ದಳು. ಅವನು ನಾಲ್ಕು ಗಂಟೆಯ ಚಹಾದ ರಶ್ಶಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡ.

ಬಚ್ಚಲಿನಲ್ಲಿ ಉಪ್ಪುನೀರು ಮುಕ್ಕಳಿಸಿ ಶ್ರೀಪ್ರಿಯಾ ಕನ್ನಡಿಯ ಮುಂದೆ ನಿಂತಳು. ತುಟಿ ಎತ್ತಿದಳು. ಶಾಲೆಯಲ್ಲಿ ಹುಡುಗಿಯರು ಡ್ರಾಕುಲಾ ಎಂದು ಕರೆದಿದ್ದರು. ಅಂದಿನಿಂದ ನಗುವಾಗ ಅಂಗೈ ತಾನಾಗಿ ಬಾಯಿಗೆ ಬರುತ್ತಿತ್ತು. ಈ ಹಲ್ಲನ್ನು ಅವಳು ಪ್ರೀತಿಸಿದ್ದೇನೂ ಇಲ್ಲ. ಆದರೆ ಮೊನ್ನೆ ಫೋಟೊದಲ್ಲಿ ಕಂಡ ಹುಡುಗಿಯ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಯಾರವಳು? ತನ್ನ ಸೀರೆ ಉಟ್ಟುಕೊಂಡು, ತನ್ನ ಓಲೆ ಹಾಕಿಕೊಂಡು ಡೊಂಬಿವಲಿಯವರ ಮನೆಯೊಳಗೆ ಹೊಕ್ಕವಳು? ಅವಳಿಗೇ ಮದುವೆ ಮಾಡಲಿ.

‘ಬೇಡ’ ಎಂದು ಕನ್ನಡಿಗೆ ಹೇಳಿ ನೋಡಿದಳು. ಧ್ವನಿ ಹೊರಡಲಿಲ್ಲ, ಗಾಜಿನ ಮೇಲೆ ಉಗಿ ಮಾತ್ರ ಕೂತಿತು. ಡೈರಿಯಲ್ಲಿ ಬರೆದಳು: ‘ಅಮ್ಮ ಸುಳ್ಳು ಹೇಳಿದಳು ಎಂದು ನಾಲ್ಕು ಸಲ ಬರೆದಿದ್ದೇನೆ. ಆ ಸುಳ್ಳಿನ ಅಪಾಯಿಂಟ್‌ಮೆಂಟ್ ಚೀಟಿ ನನ್ನ ಪರ್ಸಿನಲ್ಲೇ ಇದೆ.’

ಶನಿವಾರ ಡಾಕ್ಟರು ಮೊದಲು ಹೊಲಿಗೆ ಬಿಚ್ಚಿ, ಗಾಯ ಚೆನ್ನಾಗಿ ಕೂಡಿದೆಯೆಂದು ತಲೆಯಾಡಿಸಿದರು. ಟ್ರೇಯಲ್ಲಿ ಸಿರಿಂಜು ತುಂಬಿಟ್ಟಾಗಿತ್ತು. ಪುಟ್ಟ ಕನ್ನಡಿಯ ಹಿಡಿಯಿಂದ ಕೋರೆಹಲ್ಲನ್ನು ಟಕ್ ಟಕ್ ಎಂದು ತಟ್ಟಿ, “ದುಖ್ತಾ ಹೈ?” ಎಂದರು.

“ಹಾಂ, ಬಹುತ್!” ಮೂಲೆಯ ಸ್ಟೂಲಿನಿಂದ ಅಮ್ಮ ಉತ್ತರಿಸಿದಳು. “ರಾತ್ ಭರ್ ಸೋತೀ ನಹೀ.” ರಾತ್ರಿಯೆಲ್ಲ ನಿದ್ದೆಯೇ ಇಲ್ಲವಂತೆ.

“ಆಂಟೀ, ದಾಂತ್ ಆಪ್‌ಕಾ ಹೈ ಕ್ಯಾ?” ಹಲ್ಲು ನಿಮ್ಮದೇನು ಎಂದು ನಕ್ಕು, ಡಾಕ್ಟರು ಇನ್ನೊಮ್ಮೆ ತಟ್ಟಿದರು. ಈ ಸಲ ಕೇಳಲಿಲ್ಲ, ಕಾದರು.

“ಹೇಳು ಮಗಾ,” ಅಮ್ಮನ ಧ್ವನಿ ತಗ್ಗಿತ್ತು. “ಹೂಂ ಅನ್ನು, ಸಾಕು. ಅಷ್ಟು ಒಳ್ಳೆ ಜನ ಇನ್ನೊಮ್ಮೆ ಸಿಕ್ತಾರಾ?”

ಶ್ರೀಪ್ರಿಯಾ ಡಾಕ್ಟರ ಗ್ಲೋವ್ಸ್ ತೊಟ್ಟ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಮೆಲ್ಲಗೆ ಬದಿಗೆ ಸರಿಸಿದಳು. ಮಲಗಿಸಿದ್ದ ಕುರ್ಚಿಯಲ್ಲಿ ಎದ್ದು ಕೂತಳು. ಎದೆಯ ಮೇಲಿನ ನೀಲಿ ಕಾಗದ ಜಾರಿ ನೆಲಕ್ಕೆ ಬಿತ್ತು. ಡಾಕ್ಟರಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ, ಪರದೆಯಾಚೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ, ಸ್ಟೂಲಿನ ಕಡೆಗೆ ತಿರುಗಿ ಹೇಳಿದಳು:

“ಇದು ನೋಯುದಿಲ್ಲ ಅಮ್ಮ. ಒಂದು ದಿನವೂ ನೋಯ್ಲಿಲ್ಲ.”