ಮಧ್ಯದ ಬೋಲ್ಟು

ಷೆಡ್ಡಿನ ಬಾಗಿಲನ್ನು ಭುಜದಿಂದ ತಳ್ಳಿ ಮಗಳು ಒಳಗೆ ಬಂದಾಗ ಗಾಡಿಯ ಮುಂಭಾಗ ಬಿಚ್ಚಿಕೊಂಡೇ ಇತ್ತು. ರೇಡಿಯೇಟರ್ ಗೋಡೆಗೆ ಒರಗಿತ್ತು. ಫ್ಯಾನು, ಬೆಲ್ಟು ಹಳೆಯ ಚಾದರದ ಮೇಲೆ ಸಾಲಾಗಿ ಮಲಗಿದ್ದವು. ಹಿಂದೆಯೇ ಬಂದ ಚಿಕ್ಕಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇದರಲ್ಲಾ ಅಣ್ಣನ್ನ ಕರ್ಕೊಂಡು ಹೋಗೋದು?"

"ಇದರಲ್ಲೇ, ಚಿಕ್ಕಪ್ಪ."

ನಾಲ್ಕಕ್ಕೆ ಎತ್ತುವುದೆಂದು ತೀರ್ಮಾನವಾಗಿತ್ತು. ಆಗಲೇ ಹನ್ನೊಂದು. ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ಎಂಜಿನ್ನಿನ ಸದ್ದು ಕೇಳದಿದ್ದರೆ ಬಾಡಿಗೆಯ ಶವವಾಹನಕ್ಕೆ ಫೋನ್ ಮಾಡುವುದೇ ಸೈ, ಆಮೇಲೆ ತನ್ನ ಮೇಲೆ ಸಿಟ್ಟಾಗಬಾರದು ಎಂದು ಚಿಕ್ಕಪ್ಪ ಕರಾರು ಹಾಕಿದರು.

ಮೂವತ್ತನಾಲ್ಕು ವರ್ಷ ಅಪ್ಪ ಈ ಗಾಡಿಯಲ್ಲಿ ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಹಾಕಿದ್ದ. ಬೀದಿಗೆಲ್ಲ ಅವನು ಬ್ರೆಡ್ಡಣ್ಣ. ಕೆಲಸ ಬಿಟ್ಟ ಮೇಲೂ ಗಾಡಿಯನ್ನು ಬಿಡಲಿಲ್ಲ. ತಾನು ಹೋಗುವುದೂ ಇದರಲ್ಲೇ, ಹಿಂದುಗಡೆ, ಬ್ರೆಡ್ಡಿನ ಜಾಗದಲ್ಲಿ ಎಂದು ಊಟಕ್ಕೆ ಕೂತಾಗೆಲ್ಲ ಹೇಳಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದ. ನಿನ್ನೆ ಬೆಳಿಗ್ಗೆ ಚಹಾದ ಲೋಟ ಕೆಳಗಿಟ್ಟವನು ಕುರ್ಚಿಯಿಂದ ಏಳಲೇ ಇಲ್ಲ.

ಮಗಳು ಬೆಂಚಿನ ಕಡೆ ತಿರುಗಿದಳು. ಬ್ರೆಡ್ಡಿನ ಡಬ್ಬದ ರಟ್ಟಿನ ಮೇಲೆ ಅಪ್ಪ ಎಂದಿನಂತೆ ಎಂಜಿನ್ನಿನ ಮುಖ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಟ್ಟಿದ್ದ. ನಟ್ಟನಡುವೆ ಹೆಬ್ಬೆರಳು ಗಾತ್ರದ ಬೋಲ್ಟು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ: ಅವಳು ಬಂದ ಮೇಲೆ.

ಈ ಭಾನುವಾರ ಬರುತ್ತೇನೆ ಎಂದಿದ್ದಳು. ಎರಡು ದಿನ ಮೊದಲೇ ಬಂದಂತಾಯಿತು.

ಪಕ್ಕದಲ್ಲಿ ಹೊಸ ಪುಲ್ಲಿಯ ಒಡೆಯದ ಪೆಟ್ಟಿಗೆ, ಅದಕ್ಕೊರಗಿ ಹಳೆಯ ಬ್ಯಾಲೆನ್ಸರ್ ಪುಲ್ಲಿ. ಎಂಜಿನ್ನಿನ ನಡುಕವನ್ನೆಲ್ಲ ತನ್ನ ರಬ್ಬರಿನಲ್ಲಿ ನುಂಗಿಕೊಂಡು ತಿರುಗುವ ದಪ್ಪ ಚಕ್ರ ಅದು. ಅದರ ಕತ್ತಿನ ಸುತ್ತ ಸೀಮೆಸುಣ್ಣದ ಗೆರೆ. ಗೆರೆಯ ಮೇಲೆ ಉಗುರು ಎಳೆದಳು. ಸಿಕ್ಕಿಕೊಂಡಿತು. ನಗು ಬಂತು, ಕಣ್ಣೂ ತುಂಬಿತು.

*

ಹೋದ ಸಲ ಅವಳು ಬಂದಾಗ, ಎಂಜಿನ್ನಿನ ಮುಂಬದಿಯ ರಬ್ಬರ್ ಸೀಲಿನಿಂದ ಎಣ್ಣೆ ಜಿನುಗುತ್ತಿದೆ ಎಂದು ಅಪ್ಪ ಸೀಲ್ ಬದಲಾಯಿಸಿದ್ದು ಅದು ಮೂರನೆಯ ಸಲ. ಮಧ್ಯದ ಬೋಲ್ಟು ಬಿಗಿ ಮಾಡುವಾಗ ಎಂಜಿನ್ ತಿರುಗಬಾರದು. ಅದಕ್ಕೆ ಗಾಡಿಯನ್ನು ಗೇರಿಗೆ ಹಾಕಿ ಒಬ್ಬರು ಬ್ರೇಕ್ ಒತ್ತಿ ಕೂರಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಆ ಕಾಲು ಅವಳದೇ ಆಗಬೇಕು. ಅಪ್ಪ ಪದ್ಯವೊಂದನ್ನು ರಾಗವಾಗಿ ಹೇಳುತ್ತ, ಒಂದು ಸಾಲಿಗೆ ಒಂದು ಎಳೆತದಂತೆ ಪಾನಾ ಎಳೆಯುತ್ತಿದ್ದ.

ಅವತ್ತು ಅವಳು ಸೀಲಿಗೆ ಉಜ್ಜಿ ತಿರುಗುವ ಪುಲ್ಲಿಯ ಕತ್ತನ್ನು ಸವರಿ ನೋಡಿದ್ದಳು.

"ಅಪ್ಪಾ, ಇಲ್ಲಿ ಸವೆದು ಗೀರು ಬಿದ್ದಿದೆ. ಸೀಲ್ ಎಷ್ಟು ಸಲ ಹಾಕಿದ್ರೂ ಅಷ್ಟೇ. ಪುಲ್ಲಿನೇ ಬದಲಾಯಿಸು."

"ನಿನ್ನ ಉಗುರು ಉದ್ದ ಆಗಿದೆ. ಕತ್ತರಿಸ್ಕೋ."

ರಾತ್ರಿ ಎಂದಿನಂತೆ ಬ್ರೆಡ್ಡು ಸುತ್ತುವ ಬಿಳಿ ಕಾಗದವನ್ನು ಎಂಜಿನ್ನಿನ ಕೆಳಗೆ ಹಾಸಿದ್ದ. ಬೆಳಿಗ್ಗೆ ಅಂಗಿಯ ಗುಂಡಿಯಷ್ಟು ಕಪ್ಪು ಕಲೆ. ಅವಳು ನೋಡಲಿಲ್ಲವೆಂದುಕೊಂಡು ಅಪ್ಪ ಕಾಗದ ಮಡಚಿ ಜೇಬಿಗೆ ಸೇರಿಸಿದ. ಅವಳೂ ನೋಡದವಳಂತೆ ಇದ್ದಳು.

*

ಹೊಸ ಸೀಲನ್ನು ಅಪ್ಪ ಆಗಲೇ ಕೂರಿಸಿದ್ದ. ಸುತ್ತಲೂ ಬೆರಳಾಡಿಸಿದಳು, ಎಲ್ಲೂ ಏರಿಳಿತವಿಲ್ಲ. ಸೀಲಿನ ತುಟಿಗೆ ಎಣ್ಣೆ ಸವರಿದಳು. ಒಣ ತುಟಿ ಮೊದಲ ಸುತ್ತಿಗೇ ಹರಿಯುತ್ತದೆ. ಹೊಸ ಪುಲ್ಲಿಯನ್ನು ಪೆಟ್ಟಿಗೆಯಿಂದ ತೆಗೆದು, ಶಾಫ್ಟಿನ ಕೀಲಿಗೆ ಅದರ ಕಚ್ಚು ಹೊಂದಿಸಿ, ಸುತ್ತಿಗೆ ಮುಟ್ಟದೆ ತಿರುಪಿನ ಸಲಾಕೆಯಿಂದ ನಿಧಾನವಾಗಿ ಒಳಗೆಳೆದಳು. ಉಳಿದದ್ದು ಮಧ್ಯದ ಬೋಲ್ಟು.

ಬ್ರೇಕ್ ಒತ್ತುವವರು ಯಾರು? ಚಿಕ್ಕಪ್ಪನಿಗೆ ಮಂಡಿನೋವು. ಎದುರುಮನೆಯ ದರ್ಜಿ ಮುಂದೆ ಬಂದ. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಾನು ಒತ್ತಿದ್ರೆ ಆಗಲ್ವೇನೇ?"

ಅಮ್ಮ ಒಂದು ದಿನವೂ ಆ ಸೀಟಿನಲ್ಲಿ ಕೂತವಳಲ್ಲ. ದರ್ಜಿ ಕೈ ಕೊಟ್ಟು ಹತ್ತಿಸಿದ. ಸೀರೆ ಸರಿಮಾಡಿಕೊಂಡು, ಸ್ಟಿಯರಿಂಗ್ ಹಿಡಿದು, ಕಾಲಿಟ್ಟಳು.

"ಇಷ್ಟು ವರ್ಷ ನಿಮ್ಮಪ್ಪನ್ನ ನಿಲ್ಲಿ ನಿಲ್ಲಿ ಅಂದೆ, ನಿಲ್ಲಲಿಲ್ಲ. ಗಾಡಿಯಾದ್ರೂ ನನ್ನ ಮಾತು ಕೇಳುತ್ತಾ ನೋಡೋಣ."

ದರ್ಜಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ.

ಮಗಳು ಪಾನಾದ ಹಿಡಿಗೆ ಉದ್ದನೆಯ ಪೈಪು ತೊಡಿಸಿ ಎಳೆದಳು. ಬ್ರೇಕ್ ಸಾಲದೆ ಎಂಜಿನ್ ತಿರುಗಿಬಿಟ್ಟಿತು.

"ಇನ್ನೂ ಗಟ್ಟಿ, ಅಮ್ಮ."

ಗಾಡಿಯೊಳಗಿಂದ ತೆಳ್ಳನೆಯ ದನಿಯಲ್ಲಿ ಅಪ್ಪನ ಪದ್ಯ ಕೇಳಿಬಂತು. ಅಡುಗೆಮನೆಯ ಕಿಟಕಿಯಿಂದ ಕೇಳಿ ಕೇಳಿ ಅಮ್ಮನಿಗೆ ಅದು ಬಾಯಿಗೆ ಬಂದಿದ್ದು ಯಾರಿಗೂ ಗೊತ್ತಿರಲಿಲ್ಲ. ಮಗಳು ಸಾಲಿಗೊಂದು ಎಳೆತ ಎಳೆದಳು. ಆರನೆಯ ಸಾಲಿಗೆ ಪೈಪು ಅಲುಗಲಿಲ್ಲ. ಅಮ್ಮ ಮಾತ್ರ ಪದ್ಯ ಮುಗಿಸಿಯೇ ಕಾಲು ತೆಗೆದಳು.

ಉಳಿದ ಬೋಲ್ಟುಗಳನ್ನು ದರ್ಜಿ ರಟ್ಟಿನಿಂದ ಒಂದೊಂದಾಗಿ ಕಿತ್ತುಕೊಟ್ಟ. ರಟ್ಟಿನಲ್ಲಿ ಬರಿಯ ತೂತುಗಳು ಉಳಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು. ಕೀ ತಿರುಗಿಸಿದಳು. ಎರಡನೆಯ ಸಲಕ್ಕೆ ಎಂಜಿನ್ ಹಿಡಿದುಕೊಂಡಿತು. ಹಳೆಯ ನಡುಕ ಇರಲಿಲ್ಲ. ಕೈಯಲ್ಲೇ ಹಿಡಿದಿದ್ದ ಫೋನನ್ನು ಚಿಕ್ಕಪ್ಪ ಜೇಬಿಗೆ ಹಾಕಿಕೊಂಡು, ಅಣ್ಣನನ್ನು ಎತ್ತಲು ನಾಲ್ಕು ಜನ ಬನ್ನಿ ಎಂದು ಕರೆಯುತ್ತ ಮನೆಯೊಳಗೆ ಹೋದರು.

*

ಸ್ಮಶಾನದ ಗೇಟಿನ ಬಳಿ ಅಪ್ಪನನ್ನು ಇಳಿಸಿಕೊಂಡು ಎಲ್ಲರೂ ಮುಂದೆ ನಡೆದಾಗ ಮಗಳು ಬಗ್ಗಿ ಎಂಜಿನ್ನಿನ ಕೆಳಗೆ ಬಿಳಿ ಕಾಗದ ಹಾಸಿದಳು. ಚಿಕ್ಕಪ್ಪ ಹಿಂತಿರುಗಿ ನೋಡಿ ಮತ್ತೆ ಮುಂದೆ ನಡೆದರು.

ಎಲ್ಲ ಮುಗಿಸಿ ಬರುವಾಗ ಬಿಸಿಲು ಇಳಿದಿತ್ತು. ಮಗಳು ಕಾಗದ ಎಳೆದು ತೆಗೆದಳು. ಅದರ ಮೇಲೆ ಒಂದು ಇರುವೆ ಓಡಾಡುತ್ತಿತ್ತು, ಅಷ್ಟೇ. ಅಮ್ಮ ಅದನ್ನು ಕೈಗೆ ತೆಗೆದುಕೊಂಡು, ಇರುವೆಯನ್ನು ಮೆಲ್ಲಗೆ ಊದಿ, ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡಳು.

ಮನೆಯ ಕಡೆಗೆ ಇಳಿಜಾರು. ಮಗಳು ಗಾಡಿಯನ್ನು ನಿಧಾನವಾಗಿ ಬಿಟ್ಟಳು. ಪಕ್ಕದ ಸೀಟಿನಲ್ಲಿ ಅಮ್ಮ, ತಿರುವು ಬಂದಾಗೆಲ್ಲ, ಏನೂ ಇಲ್ಲದ ನೆಲದ ಮೇಲೆ ಬಲಗಾಲನ್ನು ಒತ್ತುತ್ತಿದ್ದಳು.